ಸಸ್ಯೋದ್ಯಾನಕ್ಕೆ ಒಂದೇ ದಿನ: ವಿಚಿತ್ರ ಗಿಡಗಳನ್ನು ಯಾವ ಹೊತ್ತಿಗೆ, ಹೇಗೆ ನೋಡಬೇಕು?

ತಿರುಗಾಲು
ದೊಡ್ಡ ಸಸ್ಯೋದ್ಯಾನವೊಂದನ್ನು ನೋಡಲು ಬೆಳಗಿನಿಂದ ಸಂಜೆವರೆಗೆ ಸಮಯವಿದೆ. ಗುಲಾಬಿ ಸಾಲು, ಹುಲ್ಲುಹಾಸು, ಕಾರಂಜಿ ಯಾವುದೂ ಬೇಡ, ವಿಚಿತ್ರ ಗಿಡಗಳೇ ಬೇಕು. ಸದ್ಯ ಪಟ್ಟಿಯಲ್ಲಿರುವುದು ವಿಕ್ಟೋರಿಯಾ ನೈದಿಲೆ, ಹೆಣದ ನಾತದ ಹೂ, ಹೂಜಿ ಗಿಡ, ವೆಲ್ವಿಚಿಯಾ. ಯಾವುದನ್ನು ಎಷ್ಟು ಹೊತ್ತಿಗೆ ನೋಡಿದರೆ ಸರಿ? ಗಾಜಿನ ಮನೆಗಳನ್ನು ಮೊದಲು ಮುಗಿಸಬೇಕಾ, ಕೊನೆಗಿಟ್ಟುಕೊಳ್ಳಬೇಕಾ? ಏನನ್ನು ಗಮನಿಸಬೇಕು ಅಂತಲೂ ಹೇಳಿ. ಬೋರ್ಡು ಓದಿ ಮುಂದೆ ಹೋಗುವುದಾದರೆ ಚಿತ್ರ ನೋಡಿದರೂ ಸಾಕು.

ಗಾಜಿನಮನೆ
ಕೊಳದಿಂದ ಶುರು ಮಾಡಿ, ಅದೂ ಬಾಗಿಲು ತೆಗೆದ ಕೂಡಲೇ. ನೈದಿಲೆಗಳಲ್ಲಿ ಹಗಲು ಅರಳುವ ಜಾತಿಗಳಿವೆ, ರಾತ್ರಿ ಅರಳುವ ಜಾತಿಗಳೂ ಇವೆ. ರಾತ್ರಿಯವು ಬೆಳಗ್ಗೆ ಹತ್ತು-ಹನ್ನೊಂದರ ಹೊತ್ತಿಗೆ ಮುಚ್ಚಿಕೊಳ್ಳುತ್ತವೆ, ಹಗಲಿನವು ಎಂಟು-ಒಂಬತ್ತಕ್ಕೆ ಬಿಚ್ಚಿಕೊಳ್ಳುತ್ತವೆ. ಎರಡನ್ನೂ ಒಟ್ಟಿಗೆ ನೋಡಲು ಸಿಗುವುದು ನಡುವಿನ ಒಂದೆರಡು ಗಂಟೆ ಮಾತ್ರ.

ವಿಕ್ಟೋರಿಯಾದ ಲೆಕ್ಕ ಬೇರೆ. ಹೂ ಮೊದಲ ಸಂಜೆ ಬಿಳಿಯಾಗಿ ಅರಳುತ್ತದೆ. ಆಗ ಅದು ಹೆಣ್ಣು ಹಂತ: ಒಳಗೆ ಬಿಸಿ ಹುಟ್ಟಿಸಿಕೊಂಡು, ಹಣ್ಣಿನ ವಾಸನೆ ಬಿಟ್ಟು ದುಂಬಿಗಳನ್ನು ಕರೆಯುತ್ತದೆ. ಬೆಳಗಾಗುವಷ್ಟರಲ್ಲಿ ಎಸಳು ಮುಚ್ಚಿ ದುಂಬಿ ಒಳಗೇ ಬಂದಿಯಾಗುತ್ತದೆ. ಎರಡನೇ ಸಂಜೆ ಮತ್ತೆ ತೆರೆಯುವಾಗ ಅದೇ ಹೂ ಗುಲಾಬಿ ಬಣ್ಣಕ್ಕೆ ತಿರುಗಿ ಗಂಡು ಹಂತದಲ್ಲಿರುತ್ತದೆ, ಪರಾಗ ಮೆತ್ತಿಕೊಂಡ ದುಂಬಿ ಹೊರಬಿದ್ದು ಇನ್ನೊಂದು ಬಿಳಿ ಹೂವಿಗೆ ಹೋಗುತ್ತದೆ. ಆಮೇಲೆ ಹೂ ನೀರಿಗೆ ಮುಳುಗುತ್ತದೆ. ಮಧ್ಯಾಹ್ನ ಹೋದವರಿಗೆ ಕಾಣುವುದು ಮುಚ್ಚಿದ ಹೂ, ಅಷ್ಟೇ. ಉದ್ಯಾನ ಸಂಜೆ ಐದಕ್ಕೇ ಮುಚ್ಚುವುದಾದರೆ ಹೂವಿನ ಆಸೆ ಬಿಟ್ಟು ಎಲೆ ನೋಡಿ.

ಎಲೆಯಲ್ಲೂ ನೋಡುವುದು ಬೇಕಾದಷ್ಟಿದೆ. ಅಂಚಿನ ಕಟ್ಟೆ ಒಂದೇ ಸಮ ಸುತ್ತಿಲ್ಲ, ಎದುರುಬದುರಾಗಿ ಎರಡು ಕಡೆ ಸೀಳಿರುತ್ತದೆ. ಮಳೆನೀರು ಹರಿದುಹೋಗುವ ದಾರಿ ಅದು. ತಳದ ಏಣು, ಮುಳ್ಳು ನೋಡಬೇಕೆಂದರೆ ಬಿಚ್ಚಿದ ಎಲೆಯಲ್ಲಿ ಆಗದು. ನೀರಿನಿಂದ ಆಗತಾನೇ ಮೇಲೆದ್ದ, ಮುಳ್ಳಿನ ಉಂಡೆಯಂತಿರುವ ಹೊಸ ಎಲೆ ಹುಡುಕಿ, ಅದರ ಹೊರಮೈಯೇ ನಾಳೆಯ ತಳ. ವಿಕ್ಟೋರಿಯಾದಲ್ಲಿ ಮೂರು ಜಾತಿ. ಕಟ್ಟೆ ಎತ್ತರವಾಗಿದ್ದರೆ ಸಾಮಾನ್ಯವಾಗಿ ಕ್ರೂಝಿಯಾನಾ, ಅದು ಸ್ವಲ್ಪ ತಣ್ಣನೆಯ ನೀರನ್ನೂ ತಾಳುತ್ತದೆ. ತಗ್ಗಾಗಿದ್ದರೆ ಅಮೆಜಾನಿಕಾ. ಮೂರನೆಯದು ಬೊಲಿವಿಯಾನಾ. ಅದಕ್ಕೆ ಪ್ರತ್ಯೇಕ ಜಾತಿಯ ಹೆಸರು ಸಿಕ್ಕಿದ್ದು 2022ರಲ್ಲಿ, ಎಲೆಯ ಅಡ್ಡಗಲ 3 ಮೀಟರ್ ದಾಟುತ್ತದೆ.

ಚೀಟಿ
ಬೋರ್ಡು ಓದುವುದನ್ನು ಅಷ್ಟು ಹಗುರ ಮಾಡಬೇಡಿ ತಿರುಗಾಲು ಅವರೇ. ಹೆಸರಿನ ದೊಡ್ಡ ಬೋರ್ಡಲ್ಲ, ಬುಡದಲ್ಲಿ ನೆಟ್ಟ ಅಥವಾ ಕಾಂಡಕ್ಕೆ ಕಟ್ಟಿದ ಸಣ್ಣ ತಗಡು ಓದಿ. ಅದರಲ್ಲೊಂದು ದಾಖಲೆ ಸಂಖ್ಯೆ ಇರುತ್ತದೆ. ಬಹಳ ಉದ್ಯಾನಗಳಲ್ಲಿ ಮೊದಲ ನಾಲ್ಕು ಅಂಕಿ ಗಿಡ ಉದ್ಯಾನಕ್ಕೆ ಬಂದ ವರ್ಷ, ಮುಂದಿನದು ಆ ವರ್ಷದ ಕ್ರಮಸಂಖ್ಯೆ. ಒಂದೇ ಕಂತಿನಲ್ಲಿ ಬಂದ ಹಲವು ಗಿಡಗಳಿದ್ದರೆ ಕೊನೆಗೊಂದು ಅಕ್ಷರ. ಜೊತೆಗೆ ಡಬ್ಲ್ಯೂ ಅಂತಿದ್ದರೆ ಗಿಡವೋ ಬೀಜವೋ ನೇರ ಕಾಡಿನಿಂದ ಸಂಗ್ರಹವಾದದ್ದು. ಝೆಡ್ ಇದ್ದರೆ ಕಾಡಿನಿಂದ ತಂದ ಗಿಡದ ಸಂತತಿ. ಜಿ ಅಂದರೆ ತೋಟದ ಮೂಲ, ಯು ಅಂದರೆ ಮೂಲ ಗೊತ್ತಿಲ್ಲ. ಒಂದೇ ಜಾತಿಯ ಎರಡು ಗಿಡ ಅಕ್ಕಪಕ್ಕ ಇದ್ದು ಒಂದರಲ್ಲಿ ಡಬ್ಲ್ಯೂ, ಇನ್ನೊಂದರಲ್ಲಿ ಯು ಇದ್ದರೆ ಸಂರಕ್ಷಣೆಯ ಕೆಲಸಕ್ಕೆ ಮೊದಲನೆಯದೇ ಬೆಲೆಯುಳ್ಳದ್ದು, ನೋಡಲು ಎಷ್ಟೇ ಬಡಕಲಾಗಿರಲಿ.

ಹೆಸರಿನ ನಡುವೆ ಗುಣಾಕಾರದ ಚಿಹ್ನೆ ಇದ್ದರೆ ಮಿಶ್ರತಳಿ. ಒಂಟಿ ಉದ್ಧರಣ ಚಿಹ್ನೆಯೊಳಗೆ ಹೆಸರಿದ್ದರೆ ಮನುಷ್ಯರು ಆಯ್ದು ಬೆಳೆಸಿದ ತಳಿ. "ವಿಚಿತ್ರ" ಅನಿಸಿದ್ದರಲ್ಲಿ ಅರ್ಧ ಈ ಎರಡನೇ ಬಗೆಯವು.

ಎಲೆಮರೆ
ಹೆಣದ ಹೂವಿನ ವಿಷಯದಲ್ಲಿ ಗೊಂದಲ ಬೇಡ, ಎರಡು ಬೇರೆ ಬೇರೆ ಗಿಡಗಳಿಗೆ ಈ ಹೆಸರು ಅಂಟಿದೆ. ರಾಫ್ಲೇಸಿಯಾ ಒಂದೇ ಹೂ. ಅರ್ನಾಲ್ಡಿ ಜಾತಿಯಲ್ಲಿ ಅಡ್ಡಗಲ 1 ಮೀಟರ್‌ವರೆಗೆ. ಅದಕ್ಕೆ ಎಲೆ, ಕಾಂಡ, ಬೇರು ಯಾವುದೂ ಇಲ್ಲ, ಟೆಟ್ರಾಸ್ಟಿಗ್ಮಾ ಬಳ್ಳಿಯೊಳಗೆ ಪರಾವಲಂಬಿಯಾಗಿ ಬದುಕುತ್ತದೆ. ಬಳ್ಳಿ ಸಮೇತ ಬೆಳೆಸಬೇಕಾದ್ದರಿಂದ ಉದ್ಯಾನಗಳಲ್ಲಿ ಸಿಗುವುದು ಅತಿ ವಿರಳ. ಇಂಡೊನೇಷ್ಯಾದ ಬೋಗೋರ್ ಸಸ್ಯೋದ್ಯಾನದಲ್ಲಿ ಪಾಟ್ಮಾ ಜಾತಿ 2010ರಲ್ಲಿ ಅರಳಿದ್ದು ದೊಡ್ಡ ಸಾಧನೆಯೇ.

ಸಸ್ಯೋದ್ಯಾನಗಳು ಪ್ರಚಾರ ಮಾಡುವುದು ಅಮಾರ್ಫೋಫ್ಯಾಲಸ್ ಟೈಟಾನಮ್ ಅನ್ನು. ಸುಮಾತ್ರಾದ್ದು, ನಮ್ಮ ಸುವರ್ಣಗೆಡ್ಡೆಯ ಕುಲವೇ. ಅದು ಒಂದು ಹೂವಲ್ಲ, ಹೂಗೊಂಚಲು. ನಡುವಿನ ಕಂಬದ ಬುಡದಲ್ಲಿ, ಹೊದಿಕೆಯೊಳಗೆ, ಕೆಳಗೆ ಹೆಣ್ಣು ಹೂಗಳು, ಮೇಲೆ ಗಂಡು ಹೂಗಳು ನೂರಾರು ಇರುತ್ತವೆ. ಎತ್ತರ 3 ಮೀಟರ್ ಮುಟ್ಟಬಹುದು. ಕವಲೊಡೆಯದ ಹೂಗೊಂಚಲುಗಳಲ್ಲಿ ಇದೇ ದೊಡ್ಡದು. ಕವಲೊಡೆಯುವುದರಲ್ಲಿ ದೊಡ್ಡದು ಶ್ರೀತಾಳೆಯದ್ದು, ಆ ಮರ ದಶಕಗಟ್ಟಲೆ ಕಾದು ಒಮ್ಮೆ ಹೂಬಿಟ್ಟು ಸಾಯುತ್ತದೆ.

ಬೀಜದಿಂದ ಬೆಳೆದ ಟೈಟಾನಮ್ ಮೊದಲ ಹೂ ಬಿಡಲು ಸಾಮಾನ್ಯವಾಗಿ 7ರಿಂದ 10 ವರ್ಷ ಬೇಕು. ಅಷ್ಟು ಕಾಲ ಪ್ರತಿ ಸಲ ಒಂದೇ ಒಂದು ಎಲೆ. ಆ ಎಲೆಯನ್ನು ಜನ ಸಣ್ಣ ಮರ ಅಂದುಕೊಂಡು ದಾಟಿಹೋಗುತ್ತಾರೆ. ಬೊಡ್ಡೆಯಂತೆ ಕಾಣುವುದು ಎಲೆಯ ತೊಟ್ಟು, ಮೇಲೆಲ್ಲ ಕಲ್ಲುಹೂವು ಹತ್ತಿದ ಹಾಗೆ ಮಚ್ಚೆ, ಎತ್ತರ 6 ಮೀಟರ್‌ವರೆಗೂ ಹೋಗುತ್ತದೆ. ಆಮೇಲೆ ಎಲೆ ಒಣಗಿ, ಗೆಡ್ಡೆ ಕೆಲವು ತಿಂಗಳು ಮಣ್ಣೊಳಗೆ ಸುಮ್ಮನಿರುತ್ತದೆ. ಆಗ ಹೋದರೆ ಬರೀ ಕುಂಡ. ಎಡಿನ್‌ಬರೋ ಸಸ್ಯೋದ್ಯಾನದ ಗೆಡ್ಡೆ ತೂಗಿದ್ದು 153.9 ಕಿಲೋ, ಹಾಗಾಗಿ ಖಾಲಿ ಕುಂಡಕ್ಕೂ ಒಂದು ನಮಸ್ಕಾರ ಹಾಕಿ ಬನ್ನಿ.

ತಿರುಗಾಲು
ಎಲೆಮರೆ ಅವರೇ, ಉದ್ಯಾನದವರು "ಮೊಗ್ಗು ಬಂದಿದೆ" ಅಂತ ಹಾಕಿದರೆ ಯಾವ ದಿನ ಹೊರಡಬೇಕು? ಅರಳಿದ ಸುದ್ದಿ ಬಂದ ಮೇಲೆ ಹೋದರೆ ತಡವಾಗುತ್ತದೆ ಅಂತಾರೆ.

ಎಲೆಮರೆ
ತಡವಾಗುತ್ತದೆ. ಮೊದಲ ವಾರಗಳಲ್ಲಿ ಅದು ಎಲೆಯ ಮೊಗ್ಗೋ ಹೂವಿನದೋ ಹೇಳುವುದೇ ಕಷ್ಟ. ಹೂ ಎಂದು ಖಚಿತವಾದ ಮೇಲೆ ಎತ್ತರದ ದಿನವಾರು ಅಳತೆ ಹಾಕುತ್ತಾರಲ್ಲ, ಅದನ್ನು ನೋಡುತ್ತಿರಿ. ಭರದಲ್ಲಿ ಬೆಳೆಯುವಾಗ ದಿನಕ್ಕೆ 10 ಸೆಂಟಿಮೀಟರ್‌ನಷ್ಟು ಏರುತ್ತದೆ. ಆ ವೇಗ ಇಳಿಯತೊಡಗಿ ಎರಡು ಮೂರು ಸೆಂಟಿಮೀಟರ್‌ಗೆ ಬಂದರೆ, ಬುಡದ ರಕ್ಷಣಾ ಎಲೆಗಳು ಬಾಡಿ ಬಿದ್ದರೆ, ಹೊದಿಕೆಯ ಮಡಿಕೆಗಳ ನಡುವೆ ಕೆಂಗಂದು ಬಣ್ಣ ಇಣುಕಿದರೆ ಚೀಲ ಕಟ್ಟಿ. ಅಲ್ಲಿಂದ ಕೆಲವೇ ದಿನ.

ಅರಳುವುದು ಸಾಮಾನ್ಯವಾಗಿ ಇಳಿಹೊತ್ತಿಗೆ ಶುರು. ನಾತ ಜೋರಾಗಿರುವುದು ಮೊದಲ ರಾತ್ರಿ, ಅದೂ ಅಲೆಯಲೆಯಾಗಿ. ಕಂಬ ಬಿಸಿಯಾಗಿ, ಹೆಚ್ಚುಕಡಿಮೆ ಮನುಷ್ಯನ ಮೈಯಷ್ಟೇ ಕಾವೇರಿ, ಆ ಬಿಸಿಗೆ ಗಂಧಕದ ಸಂಯುಕ್ತಗಳು ಮೇಲೇಳುತ್ತವೆ. ಕೊಳೆತ ಮಾಂಸ ಹುಡುಕುವ ದುಂಬಿ, ನೊಣಗಳಿಗೆ ಆಹ್ವಾನ ಅದು. ಆ ಹೊತ್ತಿಗೆ ಹೆಣ್ಣು ಹೂಗಳು ತಯಾರು. ಗಂಡು ಹೂಗಳು ಪರಾಗ ಬಿಡುವುದು ಮರುದಿನ, ಅಷ್ಟರಲ್ಲಿ ಹೆಣ್ಣಿನ ಕಾಲ ಮುಗಿದಿರುತ್ತದೆ. ಹೀಗಾಗಿ ತನ್ನ ಪರಾಗ ತನಗೇ ಒದಗುವುದಿಲ್ಲ. ಉದ್ಯಾನಗಳು ಪರಾಗವನ್ನು ಶೈತ್ಯದಲ್ಲಿಟ್ಟು ಒಂದರಿಂದೊಂದಕ್ಕೆ ಕಳಿಸಿಕೊಳ್ಳುವುದು ಇದಕ್ಕೇ. ಹೊದಿಕೆಯ ಬುಡದಲ್ಲಿ ಚೌಕವಾಗಿ ಕೊಯ್ದ ಕಿಟಕಿ ಕಂಡರೆ ಯಾರೋ ಹಾಳು ಮಾಡಿದ್ದಾರೆ ಅಂದುಕೊಳ್ಳಬೇಡಿ, ಬ್ರಷ್‌ನಿಂದ ಪರಾಗ ಹಚ್ಚಿದ ಜಾಗ ಅದು. ರಾತ್ರಿ ಪ್ರವೇಶ ಇದ್ದರೆ ಮೊದಲ ರಾತ್ರಿಗೇ ಹೋಗಿ. ಇಲ್ಲವಾದರೆ ಮರುದಿನ ಬೆಳಗ್ಗೆ, ನೋಟ ಸಿಗುತ್ತದೆ, ನಾತ ಅಷ್ಟಾಗಿ ಸಿಗದು. ಮೂರನೇ ದಿನ ಕಂಬ ವಾಲಿರುತ್ತದೆ.

ಕಳ್ಳಿಸಾಲು
ಗಾಜಿನ ಮನೆಗಳ ಸರದಿ ಕೇಳಿದ್ದಿರಿ. ಮೊದಲು ಒಣ ಮನೆ, ಆಮೇಲೆ ಹಸಿ ಮನೆ. ಕಾರಣ ಕ್ಯಾಮೆರಾ. ತಣ್ಣಗಿರುವ ಲೆನ್ಸನ್ನು ನೇರ ಮಳೆಕಾಡಿನ ಮನೆಗೆ ಒಯ್ದರೆ ಮಂಜು ಕವಿಯುತ್ತದೆ. ಒರೆಸಿದರೆ ಮತ್ತೆ ಕವಿಯುತ್ತದೆ, ಗಾಜು ಬಿಸಿಯಾಗುವವರೆಗೂ ಅಷ್ಟೇ. ಮರುಭೂಮಿ ಮನೆಯಲ್ಲಿ ಬಿಸಿ ಇದೆ, ತೇವ ಇಲ್ಲ. ಅಲ್ಲಿ ಇಪ್ಪತ್ತು ನಿಮಿಷ ಕಳೆದರೆ ಲೆನ್ಸ್ ತಾನೇ ಬೆಚ್ಚಗಾಗುತ್ತದೆ. ಉದ್ಯಾನದಲ್ಲಿ ಒಣ ಮನೆ ಇಲ್ಲದಿದ್ದರೆ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಬಿಗಿದು ಒಳಗೆ ಒಯ್ದು ಅಷ್ಟೇ ಹೊತ್ತು ಬಿಡಿ, ಹನಿ ಚೀಲದ ಹೊರಮೈಗೆ ಕೂರುತ್ತದೆ.

ಒಣ ಮನೆಯಲ್ಲಿ ವೆಲ್ವಿಚಿಯಾ. ನೋಡಿದ ತಕ್ಷಣ ಹರಿದ ಚಿಂದಿಯ ರಾಶಿ ಅನಿಸುತ್ತದೆ. ಎಲೆ ಎಷ್ಟು ಅಂತ ಎಣಿಸಲು ಹೋದವರು ಹತ್ತು ಹನ್ನೆರಡು ಎನ್ನುತ್ತಾರೆ, ಇರುವುದು ಎರಡೇ. ಮೊಳಕೆಯೆಲೆ ಉದುರಿದ ಮೇಲೆ ಬಂದ ಆ ಜೋಡಿ ಎಲೆ ಜೀವಮಾನವಿಡೀ ಬುಡದಿಂದ ಬೆಳೆಯುತ್ತಲೇ ಇರುತ್ತದೆ, ತುದಿ ಒಣಗಿ ಸವೆಯುತ್ತಿರುತ್ತದೆ, ಉದ್ದಕ್ಕೆ ಸೀಳಿ ಪಟ್ಟಿಗಳಾಗುತ್ತದೆ. ಕಣ್ಣಿಡಬೇಕಾದ್ದು ಚಿಂದಿಗಲ್ಲ, ನಡುವಿನ ಮರದಂಥ ದಿಂಡಿಗೆ. ಅದರ ಎರಡು ಅಂಚಿನಲ್ಲಿ ತುಟಿಯಂತೆ ಗೀರು ಇದೆ, ಎಲೆ ಹೊರಡುವುದು ಅಲ್ಲಿಂದ. ಗೀರಿನ ಹತ್ತಿರದ ಎಲೆ ಹಸಿರು, ನಯ, ಇಡಿಯಾಗಿ ಅಗಲ. ಒಂದು ಮೊಳ ಆಚೆಗೆ ಸೀಳು ಶುರು. ಆ ಗೀರಿನ ಬೆಳೆಯುವ ಅಂಗಾಂಶ ಕೆಟ್ಟರೆ ಗಿಡ ಎಲೆಯನ್ನು ಮತ್ತೆ ಹುಟ್ಟಿಸಲಾರದು.

ಫ್ರೀಡ್ರಿಖ್ ವೆಲ್ವಿಚ್ ಇದನ್ನು ಅಂಗೋಲಾದಲ್ಲಿ ಕಂಡದ್ದು 1859ರಲ್ಲಿ. ಹೂ ಅಂತ ಹುಡುಕಬೇಡಿ, ಶಂಕುಗಳಿರುತ್ತವೆ, ಗಂಡು ಗಿಡ ಬೇರೆ, ಹೆಣ್ಣು ಬೇರೆ. ಉದ್ಯಾನದಲ್ಲಿ ಆಳವಾದ ಕೊಳವೆಯಂಥ ಕುಂಡದಲ್ಲಿ ನೆಟ್ಟಿರುವುದು ಚಂದಕ್ಕಲ್ಲ. ತಾಯಿಬೇರು ಮುರಿದರೆ ಗಿಡ ಹೋಗುತ್ತದೆ, ಆದ್ದರಿಂದ ಪದೇ ಪದೇ ಕುಂಡ ಬದಲಿಸುವಂತಿಲ್ಲ. ಬೀಜಕ್ಕೆ ಆಸ್ಪರ್ಜಿಲಸ್ ಎಂಬ ಕಪ್ಪು ಬೂಷ್ಟಿನ ಕಾಟ, ಮೊಳಕೆಗಳು ಸಾಯುವುದು ಬಹುಪಾಲು ಅದರಿಂದಲೇ.

ಪಕ್ಕದಲ್ಲೇ ಲಿಥಾಪ್ಸ್ ತಟ್ಟೆ ಇದ್ದರೆ ಜಲ್ಲಿಕಲ್ಲು ಯಾವುದು ಗಿಡ ಯಾವುದು ಅಂತ ಮೊಣಕಾಲೂರಿ ನೋಡಿ. ಸುಕ್ಕುಗಟ್ಟಿದ ಹಳೇ ಎಲೆಜೋಡಿಯ ಸೀಳಿನಲ್ಲಿ ಹೊಸ ಜೋಡಿ ಅಡ್ಡಡ್ಡ ಬರುತ್ತಿದ್ದರೆ ಅದು ರೋಗವಲ್ಲ, ಹಳೆಯದರ ನೀರನ್ನೇ ಹೊಸದು ಹೀರುತ್ತಿದೆ. ಈ ಹಂತದಲ್ಲಿ ನೀರು ಹಾಕಿದರೆ ಹಳೇ ಎಲೆ ಒಣಗದೆ ಕೊಳೆಯುತ್ತದೆ. ಹೂ ಅರಳುವುದು ಮಧ್ಯಾಹ್ನದ ಬಿಸಿಲಿಗೆ.

ಬಿಳಲು
ಒಣ ಮನೆಯಲ್ಲಿ ಇನ್ನೊಂದು ಪರೀಕ್ಷೆ ಸೇರಿಸುತ್ತೇನೆ. ಪಾಪಾಸುಕಳ್ಳಿ ಅಂತ ಜನ ತೋರಿಸುವುದರಲ್ಲಿ ಎಷ್ಟೋ ಯೂಫೋರ್ಬಿಯಾ. ಎರಡೂ ದಪ್ಪ, ಎರಡಕ್ಕೂ ಏಣು, ಎರಡಕ್ಕೂ ಮುಳ್ಳು. ಮುಳ್ಳಿನ ಬುಡ ನೋಡಿ. ಪಾಪಾಸುಕಳ್ಳಿಯಲ್ಲಿ ಮುಳ್ಳುಗಳ ಗುಚ್ಛ ಒಂದು ಚಿಕ್ಕ ಹತ್ತಿಯ ದಿಂಬಿನಂಥ ಗುಂಡಿಯಿಂದ ಹೊರಡುತ್ತದೆ. ಯೂಫೋರ್ಬಿಯಾದಲ್ಲಿ ಆ ದಿಂಬು ಇಲ್ಲ, ಬಹಳ ಜಾತಿಗಳಲ್ಲಿ ಮುಳ್ಳು ಜೋಡಿಯಾಗಿ ಕವಲಿನಂತಿರುತ್ತದೆ. ಚುಚ್ಚಿ ಹಾಲು ಬರುತ್ತದಾ ಅಂತ ನೋಡುವ ಚಟ ಬೇಡ, ಆ ಹಾಲು ಕಣ್ಣಿಗೆ ತಾಗಿದರೆ ತೀವ್ರ ಉರಿ, ದೃಷ್ಟಿಗೂ ಪೆಟ್ಟು. ಪಾಪಾಸುಕಳ್ಳಿಗಳೆಲ್ಲ ಅಮೆರಿಕ ಖಂಡಗಳವು. ಅಪವಾದ ಒಂದೇ, ರಿಪ್ಸಾಲಿಸ್ ಬ್ಯಾಸಿಫೆರಾ: ಆಫ್ರಿಕಾ, ಮಡಗಾಸ್ಕರ್, ಶ್ರೀಲಂಕಾದಲ್ಲೂ ಕಾಡುಗಿಡವಾಗಿ ಇದೆ. ತಮಾಷೆಯೆಂದರೆ ಅದು ಇರುವುದು ಒಣ ಮನೆಯಲ್ಲಲ್ಲ, ಹಸಿ ಮನೆಯಲ್ಲಿ ಮರದಿಂದ ನೇತಾಡಿಕೊಂಡು.

ಬೋನು
ಹೂಜಿ ಗಿಡ ನನ್ನ ಪಾಲಿಗಿರಲಿ. ಮೊದಲನೆಯದಾಗಿ, ನೊಣ ಬಿದ್ದ ಕೂಡಲೇ ಮುಚ್ಚಳ ಮುಚ್ಚುತ್ತದೆ ಎಂಬುದು ಸುಳ್ಳು. ಮರಿಹೂಜಿ ಒಮ್ಮೆ ತೆರೆದ ಮೇಲೆ ಮುಚ್ಚಳ ತೆರೆದೇ ಇರುತ್ತದೆ, ಅದರ ಕೆಲಸ ಮಳೆನೀರು ತಡೆಯುವುದು, ಜೇನು ಸೂಸಿ ಕೀಟ ಕರೆಯುವುದು. ಬೋನು ಇರುವುದು ಬಾಯಂಚಿನ ಏಣುಗಟ್ಟಿದ ಕತ್ತುಪಟ್ಟಿಯಲ್ಲಿ. ಒಣಗಿದ್ದಾಗ ಇರುವೆ ಅದರ ಮೇಲೆ ಆರಾಮಾಗಿ ಓಡಾಡುತ್ತದೆ. ತೇವ ಹತ್ತಿದರೆ ಏಣುಗಳ ನಡುವೆ ನೀರಿನ ಪೊರೆ ಹರಡಿ ಇರುವೆಯ ಕಾಲು ಹಿಡಿತ ತಪ್ಪುತ್ತದೆ. ಹಾಗಾಗಿ ಬೆಳಗ್ಗೆ, ಇಲ್ಲವೇ ಮಂಜುನೀರು ಸಿಂಪಡಿಸಿದ ಹಿಂದೆಯೇ, ಒಂದೇ ಹೂಜಿಯ ಮುಂದೆ ಐದು ನಿಮಿಷ ನಿಲ್ಲಿ.

ಒಂದೇ ಬಳ್ಳಿಯಲ್ಲಿ ಎರಡು ಬಗೆಯ ಹೂಜಿ ಹುಡುಕಿ. ನೆಲದ ಹತ್ತಿರದವು ಗುಂಡಗೆ, ಎದುರಿಗೆ ಎರಡು ಸಾಲು ಕೂದಲಿನ ರೆಕ್ಕೆ, ಕುಡಿ ಮುಂಭಾಗಕ್ಕೆ ಸೇರಿರುತ್ತದೆ. ಮೇಲಿನವು ಆಲಿಕೆಯಂತೆ ಸಪೂರ, ರೆಕ್ಕೆ ಇಲ್ಲ, ಕುಡಿ ಹಿಂಭಾಗಕ್ಕೆ ಸೇರಿರುತ್ತದೆ, ಆಸರೆ ಸಿಕ್ಕರೆ ಸುರುಳಿ ಸುತ್ತಿರುತ್ತದೆ. ಇವೆರಡನ್ನು ಬೇರೆ ಬೇರೆ ಜಾತಿ ಎಂದುಕೊಂಡವರು ಬಹಳ. ಎಲೆ ಸೊಂಪಾಗಿದ್ದು ತುದಿಯಲ್ಲಿ ಕರಿದಾದ ಕಡ್ಡಿ ಮಾತ್ರ ಇದ್ದರೆ ಅಲ್ಲಿ ಗಾಳಿಯ ತೇವವೋ ಬೆಳಕೋ ಸಾಲುತ್ತಿಲ್ಲ. ನೆಪೆಂಥಿಸ್ ಖಾಸಿಯಾನಾ ಎಂಬ ಚೀಟಿ ಕಂಡರೆ ನಿಲ್ಲಿ, ಭಾರತದ್ದೇ ಆದ ಹೂಜಿ ಗಿಡ ಅದೊಂದೇ, ಮೂಲ ಮೇಘಾಲಯ.

ವೀನಸ್ ನೊಣಬೋನನ್ನು ಕಡ್ಡಿಯಿಂದ ಕೆಣಕಬೇಡಿ. ಪ್ರತಿ ಹಾಳೆಯಲ್ಲಿ ಸಾಮಾನ್ಯವಾಗಿ ಮೂರು ರೋಮ. ಸುಮಾರು 20 ಸೆಕೆಂಡಿನೊಳಗೆ ಎರಡು ಸಲ ತಾಗಿದರೆ ಬೋನು ಮುಚ್ಚುತ್ತದೆ. ಒಂದೇ ಸಲ ತಾಗಿದರೆ ಇಲ್ಲ, ಬಿದ್ದ ಮಳೆಹನಿಗೆಲ್ಲ ಮುಚ್ಚಿದರೆ ಗಿಡಕ್ಕೆ ನಷ್ಟ. ಸುಳ್ಳೇ ಮುಚ್ಚಿದ್ದು ಮತ್ತೆ ತೆರೆಯಲು ಅರ್ಧ ದಿನದಿಂದ ಒಂದು ದಿನ. ಒಂದು ಬೋನು ಇಂಥ ಕೆಲವೇ ಸುತ್ತು ತಾಳಿ ಕಪ್ಪಾಗುತ್ತದೆ. ದಿನಕ್ಕೆ ಐವತ್ತು ಬೆರಳು ಬಿದ್ದರೆ ತಟ್ಟೆ ಪೂರ್ತಿ ಹೋಯಿತು.

ಹಸಿಮಣ್ಣು
ಹಾಗಾದರೆ ನಾಚಿಕೆಮುಳ್ಳನ್ನೂ ಮುಟ್ಟಬಾರದೇ? ಅದು ಇರುವುದೇ ಮುಟ್ಟಲಿಕ್ಕೆ ಅಲ್ಲವೇ ಬೋನು ಸರ್.

ಬೋನು
ಒಮ್ಮೆ ಮುಟ್ಟಿ, ತಪ್ಪಿಲ್ಲ. ಎಲೆಗಳು ಮಡಚಿ, ತೊಟ್ಟು ಜೋತು, ಹತ್ತು ಹದಿನೈದು ನಿಮಿಷದಲ್ಲಿ ಸರಿಯಾಗುತ್ತದೆ. ಆದರೆ ಮಡಚಿದಷ್ಟು ಹೊತ್ತು ಅದಕ್ಕೆ ಬೆಳಕು ಕಡಿಮೆ. ಮುಟ್ಟದೆಯೇ ಆಡುವ ಗಿಡ ಬೇಕಾದರೆ ಟೆಲಿಗ್ರಾಫ್ ಗಿಡ ಕೇಳಿ, ಜಗದೀಶಚಂದ್ರ ಬೋಸ್ ಪ್ರಯೋಗಕ್ಕೆ ಬಳಸಿದ್ದು. ದೊಡ್ಡ ಎಲೆಯ ಬುಡದಲ್ಲಿ ಎರಡು ಚಿಕ್ಕ ಎಲೆಗಳಿವೆ, ಅವು ಗಡಿಯಾರದ ಮುಳ್ಳಿನಂತೆ ತಾವಾಗಿಯೇ ಸುತ್ತು ಹಾಕುತ್ತವೆ, ಬೆಚ್ಚಗಿದ್ದರೆ ಕೆಲವೇ ನಿಮಿಷಕ್ಕೊಂದು ಸುತ್ತು. ತಣ್ಣನೆಯ ಬೆಳಗಲ್ಲಿ ನಿಂತು "ಏನೂ ಅಲ್ಲಾಡುತ್ತಿಲ್ಲ" ಅನ್ನಬೇಡಿ, ಬಿಸಿಲೇರಿದ ಮೇಲೆ ಹೋಗಿ.

ಬಿಳಲು
ಮರಗಳನ್ನು ಎಲ್ಲರೂ ಮರೆತಿರಿ. ನಾಗಲಿಂಗದ ಹೂ ಎಲ್ಲರಿಗೂ ಗೊತ್ತು, ಆದರೆ ಒಳಗೆ ನೋಡಿದವರು ಕಡಿಮೆ. ಬುಡದಲ್ಲಿ ಬಿದ್ದ ಹೂ ಒಂದನ್ನು ಅಂಗೈಯಲ್ಲಿಟ್ಟುಕೊಳ್ಳಿ, ಮರದಿಂದ ಕೀಳುವುದು ಬೇಡ. ಆರು ಎಸಳು. ನಡುವೆ ಗಿಡ್ಡ ಕೇಸರಗಳ ಒಂದು ಉಂಗುರ. ಅದರ ಮೇಲೆ ಬಾಗಿದ ಹೆಡೆಯಲ್ಲಿ ಉದ್ದ ಕೇಸರಗಳು. ಎರಡಕ್ಕೂ ಕೆಲಸ ಬೇರೆ. ಹೆಡೆಯ ಪರಾಗ ಜೇನಿಗೆ ಊಟ ಮಾತ್ರ, ಅದರಿಂದ ಬೀಜ ಕಟ್ಟುವುದಿಲ್ಲ. ಬೀಜ ಕಟ್ಟಿಸುವುದು ಉಂಗುರದ ಪರಾಗ, ಊಟಕ್ಕೆ ನುಗ್ಗಿದ ಜೇನಿಗೆ ಅದು ಮೆತ್ತಿಕೊಳ್ಳುತ್ತದೆ. ಮೂಲ ದಕ್ಷಿಣ ಅಮೆರಿಕ. ಕಾಯಿ ಬಿಡುವ ಕಾಲದಲ್ಲಿ ಬುಡದಲ್ಲಿ ಕೂರಬೇಡಿ, ಫಿರಂಗಿ ಗುಂಡಿನ ಗಾತ್ರ, ಗಟ್ಟಿ, ಹೇಳದೆ ಬೀಳುತ್ತದೆ.

ಸೈಕಾಡ್ (ತಾಳೆಯಂತೆ ಕಾಣುವ, ಶಂಕು ಬಿಡುವ ಗಿಡ) ಸಾಲಿನಲ್ಲಿ ಎನ್ಸೆಫಲಾರ್ಟಸ್ ವುಡಿಯೈ ಎಂಬ ಹೆಸರಿದೆಯಾ ನೋಡಿ. 1895ರಲ್ಲಿ ದಕ್ಷಿಣ ಆಫ್ರಿಕಾದ ಒಂಗೋಯೆ ಕಾಡಿನಲ್ಲಿ ಒಂದೇ ಒಂದು ಗಂಡು ಗಿಡ ಸಿಕ್ಕಿತು, ಹೆಣ್ಣು ಇವತ್ತಿಗೂ ಸಿಕ್ಕಿಲ್ಲ. ಉದ್ಯಾನಗಳಲ್ಲಿರುವುದೆಲ್ಲ ಅದೇ ಗಿಡದ ಮರಿಗಳು. ಇನ್ನೊಂದು ಸೈಕಾಡ್, ಆಲ್ಟೆನ್‌ಸ್ಟೈನಿಯೈ, ಲಂಡನ್ನಿನ ಕ್ಯೂ ಉದ್ಯಾನಕ್ಕೆ 1775ರಲ್ಲಿ ಬಂದದ್ದು ಇನ್ನೂ ಕುಂಡದಲ್ಲೇ ಇದೆ. ಕಾಂಡ ವಾಲಿ ಊರುಗೋಲಿನ ಮೇಲೆ ನಿಂತಿದೆ.

ಹಸಿಮಣ್ಣು
ಬ್ರಹ್ಮಕಮಲ ಯಾರೂ ಹೇಳಲಿಲ್ಲ?

ಗಾಜಿನಮನೆ
ಮನೆಗಳ ಕುಂಡದಲ್ಲಿ ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಜೋತುಬೀಳುವುದು ಎಪಿಫಿಲಮ್, ಪಾಪಾಸುಕಳ್ಳಿಯ ಬಂಧು. ಎಲೆ ಅನ್ನುವುದು ಚಪ್ಪಟೆ ಕಾಂಡ, ಅದಕ್ಕೇ ಹೂ "ಎಲೆಯ" ಅಂಚಿನಿಂದ ಬರುವುದು. ಹಿಮಾಲಯದ ಬ್ರಹ್ಮಕಮಲ ಸಾಸುರಿಯಾ, ಸೂರ್ಯಕಾಂತಿಯ ಕುಟುಂಬದ್ದು. ಚೀಟಿ ನೋಡಿ ತೀರ್ಮಾನಿಸಿ.

ಚೀಟಿ
ಫೋಟೋಗೆ ಒಂದು ಶಿಸ್ತು: ಮೊದಲು ಚೀಟಿಯ ಚಿತ್ರ, ಹಿಂದೆಯೇ ಗಿಡದ್ದು. ಸಂಜೆ ಮುನ್ನೂರು ಚಿತ್ರಗಳ ನಡುವೆ ಯಾವ ಹೆಸರು ಯಾವುದಕ್ಕೆ ಅಂತ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ. ಗಿಡಕ್ಕೂ ಮೂರು ಚಿತ್ರ ಬೇಕು: ಇಡೀ ಗಿಡ, ಎಲೆ ಕಾಂಡಕ್ಕೆ ಸೇರುವ ಗಿಣ್ಣು, ಹೂವಿನ ಒಳಭಾಗ. ಆಮೇಲೆ ಹೆಸರು ಪತ್ತೆ ಮಾಡುವವರಿಗೆ ಬೇಕಾಗುವುದು ಗಿಣ್ಣು, ಎಲ್ಲರೂ ಬಿಡುವುದೂ ಅದನ್ನೇ. ಹೊಳೆಯುವ ಎಲೆಗೆ, ಗಾಜಿನಾಚೆಯ ಗಿಡಕ್ಕೆ ಪೋಲರೈಸರ್ (ಪ್ರತಿಫಲನ ತಗ್ಗಿಸುವ ಫಿಲ್ಟರ್) ಹಾಕಿ ತಿರುಗಿಸಿ. ಕೀಟ ಹಿಡಿಯುವ ಡ್ರೊಸೆರಾ ಗಿಡದ ಅಂಟುಹನಿಗೆ ಮಾತ್ರ ಬೆಳಕು ಗಿಡದ ಹಿಂದಿನಿಂದ ಬರಲಿ, ಎದುರಿನ ಫ್ಲ್ಯಾಶ್ ಹೊಡೆದರೆ ಹನಿ ಬಿಳಿ ಚುಕ್ಕೆಯಾಗುತ್ತದೆ.

ಜೇಡ್ ಬಳ್ಳಿ ಸಿಕ್ಕರೆ ಬಣ್ಣ ಕೈಕೊಡುತ್ತದೆ. ಆ ಹಸಿರುನೀಲಿ ಹುಟ್ಟುವುದು ಎಸಳಿನ ಹೊರಪದರದ ಕ್ಷಾರೀಯ ರಸದಲ್ಲಿ ಮಾಲ್ವಿನ್, ಸಪೊನಾರಿನ್ ಎಂಬ ಎರಡು ವರ್ಣಕಗಳು ಕೂಡಿದ್ದರಿಂದ. ಕ್ಯಾಮೆರಾದ ಆಟೊ ವೈಟ್‌ಬ್ಯಾಲೆನ್ಸ್ ಅದನ್ನು ಬರೀ ನೀಲಿ ಮಾಡಿಬಿಡಬಹುದು. ಹಗಲು ಬೆಳಕಿಗೆ ಸ್ಥಿರ ಮಾಡಿ, ಪಕ್ಕದಲ್ಲಿ ಬೂದು ಕಾರ್ಡು ಹಿಡಿದು ಒಂದು ಚಿತ್ರ ತೆಗೆದುಕೊಳ್ಳಿ. ಬಿದ್ದು ಒಣಗಿದ ಹೂ ನೇರಳೆಗೆ ತಿರುಗಿರುತ್ತದೆ, ಅದನ್ನು ಬೇರೆ ಗಿಡದ್ದು ಅಂದುಕೊಳ್ಳಬೇಡಿ.

ತಿರುಗಾಲು
ಎಲ್ಲರಿಗೂ ಧನ್ಯವಾದ. ಸರದಿ ಹೀಗಿಟ್ಟುಕೊಂಡೆ: ಕೊಳ, ಹೂಜಿ ಗಿಡ, ಒಣ ಮನೆ, ಹಸಿ ಮನೆ, ಮರಗಳು, ಸಂಜೆ ಮತ್ತೆ ಕೊಳ. ಉಳಿದಿರುವುದು ಒಂದು: ಗಿಡ ಆ ಉದ್ಯಾನದಲ್ಲಿ ಇದೆಯೋ ಇಲ್ಲವೋ ಮೊದಲೇ ತಿಳಿಯುವುದು ಹೇಗೆ?

ಚೀಟಿ
ನಿಮ್ಮ ಸರದಿಯಲ್ಲಿ ಸಣ್ಣ ತಿದ್ದುಪಡಿ. ಹೂಜಿ ಗಿಡಗಳನ್ನು ಹಸಿ ಮನೆಯೊಳಗೇ ಇಟ್ಟಿದ್ದರೆ ಬೆಳಗ್ಗೆ ಕ್ಯಾಮೆರಾ ಇಲ್ಲದೆ ಕಣ್ಣಲ್ಲಿ ನೋಡಿ ಬನ್ನಿ, ಚಿತ್ರಕ್ಕೆ ಒಣ ಮನೆ ಮುಗಿಸಿ ಮತ್ತೆ ಹೋಗಿ.

ಇದೆಯೋ ಇಲ್ಲವೋ ತಿಳಿಯಲು ಉದ್ಯಾನದ ಜಾಲತಾಣದಲ್ಲಿ ಜೀವಂತ ಸಂಗ್ರಹದ ಪಟ್ಟಿ ಇದೆಯಾ ನೋಡಿ. ದೊಡ್ಡವುಗಳಲ್ಲಿ ಇರುತ್ತದೆ, ಪಾತಿಯ ಸಂಖ್ಯೆ ಸಮೇತ. ವೈಜ್ಞಾನಿಕ ಹೆಸರಿನಿಂದಲೇ ಹುಡುಕಿ, ಸಿಗದಿದ್ದರೆ ಹಳೆಯ ಹೆಸರಿನಿಂದಲೂ. ಸಸ್ಯೋದ್ಯಾನಗಳ ಅಂತರರಾಷ್ಟ್ರೀಯ ಸಂರಕ್ಷಣಾ ಸಂಸ್ಥೆ ಬಿಜಿಸಿಐಯ ಪ್ಲಾಂಟ್‌ಸರ್ಚ್ ಎಂಬ ದತ್ತಾಂಶ ಪಟ್ಟಿ ಒಂದು ಜಾತಿ ಪ್ರಪಂಚದ ಎಷ್ಟು ಸಂಗ್ರಹಗಳಲ್ಲಿದೆ ಎಂಬುದನ್ನು ಹೇಳುತ್ತದೆ, ಯಾವ ಉದ್ಯಾನ ಅಂತ ಹೇಳುವುದಿಲ್ಲ, ಕಳ್ಳರ ಭಯಕ್ಕೆ. ಪಟ್ಟಿಯಲ್ಲಿದ್ದರೂ ಗಿಡ ಸಾರ್ವಜನಿಕರಿಗೆ ಕಾಣದ ನರ್ಸರಿಯಲ್ಲಿರಬಹುದು. ಹೋಗುವ ವಾರ ಮೊದಲು ಸಂಗ್ರಹ ನೋಡಿಕೊಳ್ಳುವ ವಿಭಾಗಕ್ಕೆ ಪತ್ರ ಹಾಕಿ, ಮೂರು ಸಾಲು ಸಾಕು: ಗಿಡದ ಹೆಸರು, ದಾಖಲೆ ಸಂಖ್ಯೆ, ನೀವು ಬರುವ ದಿನ. "ಇದೆಯಾ" ಅಂತ ಕೇಳಬೇಡಿ, "ಈಗ ಯಾವ ಹಂತದಲ್ಲಿದೆ" ಅಂತ ಕೇಳಿ.